ಥ್ಯಾಚರ್ ಬಿದ್ದಿದ್ದು ಯಾರ ಮಾತಿಗೆ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಒಂದು ನಾಟಕದ ವಿಚಾರ ಮಾತಾಡೋಣ. ಹೆಸರು ‘ಡೆಡ್ ಶೀಪ್’, ಅಂದ್ರೆ ಸತ್ತ ಕುರಿ. ಬರೆದವರು ಜೊನಾಥನ್ ಮೇಟ್‌ಲೆಂಡ್, 2015ರಲ್ಲಿ ಲಂಡನ್ನಿನ ಪಾರ್ಕ್ ಥಿಯೇಟರಲ್ಲಿ ಆಡಿದ್ರು. ಕಥೆ ಬ್ರಿಟನ್ನಿನ ಪ್ರಧಾನಿ ಆಗಿದ್ದ ಮಾರ್ಗರೆಟ್ ಥ್ಯಾಚರ್ ಅಧಿಕಾರ ಕಳ್ಕೊಂಡಿದ್ದು, ಆದ್ರೆ ನಾಟಕದ ಜೀವ ಇರೋದು ಅವರ ಪಕ್ಕದಲ್ಲೇ ಕೂತಿದ್ದ ಜೆಫ್ರಿ ಹೌ ಅನ್ನೋ ಮೆತ್ತನೆ ಮನುಷ್ಯರಲ್ಲಿ.

ಥ್ಯಾಚರ್ ಮೇಲೆ ಬಂದ ದಾರಿ ಬಹಳ ಜನಕ್ಕೆ ಗೊತ್ತು, ಗ್ರಾಂಥಮ್ಮಿನ ದಿನಸಿ ಅಂಗಡಿಯವರ ಮಗಳು, 1975ರಲ್ಲಿ ಕನ್ಸರ್ವೇಟಿವ್ ಪಕ್ಷದ ನಾಯಕಿ, 1979ರಲ್ಲಿ ಪ್ರಧಾನಿ, ಅದೂ ಸೇರಿ ಸಾಲಾಗಿ ಮೂರು ಚುನಾವಣೆ ಗೆದ್ರು. ಹೌ ಮೊದಲಿಂದ ಜೊತೆಗಿದ್ದೋರು, ಹಣಕಾಸು ನೋಡ್ಕೊಂಡ್ರು, ವಿದೇಶಾಂಗ ನೋಡ್ಕೊಂಡ್ರು, 1979ರ ಸಂಪುಟದಲ್ಲಿದ್ದವರ ಪೈಕಿ ಕೊನೆಗೆ ಉಳಿದಿದ್ದು ಇವರೊಬ್ಬರೇ. ಅಂಥವರನ್ನ ಉಳಿದ ಮಂತ್ರಿಗಳ ಎದುರಿಗೇ ಗದರಿಸೋರು ಥ್ಯಾಚರ್. ಇನ್ನು ಆ ಕುರಿ ಮಾತು 1978ರದ್ದು, ಹೌ ಟೀಕೆ ಮಾಡಿದ್ರೆ ಸತ್ತ ಕುರಿ ಬಂದು ನಮ್ಮ ಮೇಲೆ ಎರಗಿದಂಗೆ ಅಂತ ಲೇಬರ್ ಪಕ್ಷದ ಡೆನಿಸ್ ಹೀಲಿ ಹಂಗಿಸಿದ್ರು, ಅದು ಹೌ ಹೆಸರಿಗೆ ಅಂಟ್ಕೊಂಡ್ಬಿಡ್ತು.

1990ರ ಅಕ್ಟೋಬರ್ 30ಕ್ಕೆ ಯುರೋಪಿನ ಒಕ್ಕೂಟಕ್ಕೆ ಇನ್ನೂ ಅಧಿಕಾರ ಕೊಡೋ ವಿಚಾರ ಬಂದಾಗ ಥ್ಯಾಚರ್ ಸಂಸತ್ತಲ್ಲಿ ‘ನೋ, ನೋ, ನೋ’ ಅಂದ್ರು, ಎರಡೇ ದಿನಕ್ಕೆ ಹೌ ರಾಜೀನಾಮೆ ಕೊಟ್ರು. ನವೆಂಬರ್ 13ಕ್ಕೆ ಸದನದಲ್ಲಿ ಎದ್ದು ನಿಂತ್ರು. ದನಿ ಏರಿಸ್ಲೇ ಇಲ್ಲ. ಯುರೋಪಿನ ಜೊತೆ ಮಾತುಕತೆಗೆ ಹೋಗೋ ಮಂತ್ರಿಗಳ ಪಾಡನ್ನ ಕ್ರಿಕೆಟ್ಟಿಗೆ ಹೋಲಿಸಿದ್ರು. ಓಪನಿಂಗ್ ಬ್ಯಾಟ್ಸ್‌ಮನ್‌ಗಳು ಕ್ರೀಸಿಗೆ ಹೋಗಿ ಮೊದಲ ಬಾಲು ಬಿದ್ದಾಗ್ಲೇ ಗೊತ್ತಾಗುತ್ತೆ, ಮ್ಯಾಚಿಗೆ ಮುಂಚೆನೇ ಕ್ಯಾಪ್ಟನ್ನು ಬ್ಯಾಟುಗಳನ್ನ ಮುರಿದಿಟ್ಟಿದ್ದಾರೆ ಅಂತ, ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಯಾರಿಗೆ ನಿಷ್ಠೆ ಅನ್ನೋ ಸಂಕಟದಲ್ಲಿ ನಾನು ಬಹಳ ದಿನ ತೊಳಲಾಡಿದೆ, ಇನ್ನು ಉಳಿದವರು ಯೋಚನೆ ಮಾಡ್ಬೇಕು ಅಂತ ಹೇಳಿ ಕೂತ್ಕೊಂಡ್ರು. ವಿರೋಧ ಪಕ್ಷಕ್ಕೆ ಮೂರು ಚುನಾವಣೆಲಿ ಆಗದೇ ಇದ್ದದ್ದು ಸ್ವಂತ ಬೆಂಚಿನವರ ಇಂಥ ಮೆಲುಮಾತಿಗೆ ಆಗೋಯ್ತು, ರಂಗದ ಮೇಲೆ ಇದಕ್ಕಿಂತ ದೊಡ್ಡ ಘಟನೆ ಬೇಕಾ ಹೇಳಿ!

ಹಾಗಂತ ಬರೀ ಒಂದು ಭಾಷಣ ಅನ್ನೋಕಾಗಲ್ಲ, ಪೋಲ್ ಟ್ಯಾಕ್ಸ್ ಅನ್ನೋ ತಲೆಗಿಷ್ಟು ಅಂತ ಹಾಕಿದ್ದ ತೆರಿಗೆ ಮೇಲೆ ಜನಕ್ಕೆ ಕೆಂಡದಂಥ ಸಿಟ್ಟಿತ್ತು. ಭಾಷಣದ ಮಾರನೇ ದಿನ ಅದೇ ಪಕ್ಷದ ಮೈಕಲ್ ಹೆಸಲ್ಟೈನ್ ನಾಯಕತ್ವಕ್ಕೆ ಸ್ಪರ್ಧೆಗಿಳಿದ್ರು. ಪಕ್ಷದ ಸಂಸದರು ಹಾಕಿದ ವೋಟಲ್ಲಿ ಥ್ಯಾಚರ್‌ಗೆ 204, ಹೆಸಲ್ಟೈನ್‌ಗೆ 152, ನಿಯಮದ ಪ್ರಕಾರ ಗೆಲ್ಲೋಕೆ ಬೇಕಿದ್ದ ಅಂತರಕ್ಕೆ ನಾಕೇ ವೋಟು ಕಮ್ಮಿ. ನವೆಂಬರ್ 22ಕ್ಕೆ ಥ್ಯಾಚರ್ ಹಿಂದೆ ಸರಿದ್ರು.

ನಂಗೆ ಈ ನಾಟಕದಲ್ಲಿ ತುಂಬಾ ಇಷ್ಟ ಆಗೋದು ಹೌ ಅವರ ಹೆಂಡತಿ ಎಲ್ಸ್‌ಪೆತ್ ಪಾತ್ರ. ಒಂದು ಕಡೆ ನಾಯಕಿ, ಇನ್ನೊಂದು ಕಡೆ ಮನೆಯಾಕೆ, ನಡುವೆ ಈ ಮನುಷ್ಯರ ನಿಷ್ಠೆ ಹರಿದುಹೋಗ್ತಾ ಇರುತ್ತೆ. ಇದ್ರಲ್ಲಿ ಗೆದ್ದೋರು ಅಂತ ಹೌ ಅವರನ್ನೂ ಹೇಳೋಕಾಗಲ್ಲ, ಅವರು ಮತ್ತೆ ಮಂತ್ರಿ ಆಗ್ಲಿಲ್ಲ, 1992ರಲ್ಲಿ ಕೆಳಮನೆನೂ ಬಿಟ್ರು. ನಮಸ್ಕಾರ.