ಪಣಜಿಯ ಕೊನೆಯ ಗವರ್ನರ್ ಜನರಲ್

ಕೇಳುಗರಿಗೆ ನಮಸ್ಕಾರ.

1961ರ ಡಿಸೆಂಬರ್ 14ರಂದು ಲಿಸ್ಬನ್ನಿನಿಂದ ಪಣಜಿಗೆ ಒಂದು ನಿಸ್ತಂತು ಸಂದೇಶ ಬಂತು. ಕಳುಹಿಸಿದವರು ಪೋರ್ಚುಗಲ್ಲಿನ ಸರ್ವಾಧಿಕಾರಿ ಸಾಲಜಾರ್. ಸಂಧಿ ಕೂಡದು, ಸೆರೆಯಾಗಕೂಡದು. ನಮ್ಮವರು ಗೆಲ್ಲಬೇಕು, ಇಲ್ಲವೇ ಸಾಯಬೇಕು. ಕಡೇಪಕ್ಷ ಎಂಟು ದಿನ ತಡೆದು ನಿಲ್ಲಿ. ಇದು ಅದರ ತಿರುಳು.

ಅದನ್ನು ಓದಬೇಕಾದವರು ಗೋವೆಯ ಗವರ್ನರ್ ಜನರಲ್ ಮಾನುಯೆಲ್ ಆಂಟೋನಿಯೊ ವಸ್ಸಾಲೊ ಇ ಸಿಲ್ವ. 1899ರಲ್ಲಿ ಟೊರೆಸ್ ನೊವಾಸ್ ಊರಿನಲ್ಲಿ ಹುಟ್ಟಿದವರು, ಸೇನೆಯ ಎಂಜಿನಿಯರ್. 1958ರಲ್ಲಿ ಪಣಜಿಗೆ ಬಂದರು. ಇವರ ಅಕ್ಕ ಮರಿಯಾ ಲಾಮಾಸ್ ಹೆಸರಾಂತ ಲೇಖಕಿ. ಸಾಲಜಾರ್ ಆಡಳಿತವನ್ನು ವಿರೋಧಿಸಿ ಸೆರೆಮನೆ ಕಂಡವರು. ಅಕ್ಕ ಎದುರಿಸಿದ ಆಡಳಿತಕ್ಕೆ ತಮ್ಮ ಅಧಿಕಾರಿ!

ಅವರ ಕೈಯಲ್ಲಿದ್ದುದು ಮೂರು ಸಾವಿರಕ್ಕೂ ಸ್ವಲ್ಪ ಹೆಚ್ಚು ಸೈನಿಕರು, ಒಂದು ಹಳೆಯ ಯುದ್ಧನೌಕೆ. ಯುದ್ಧವಿಮಾನ ಒಂದೂ ಇರಲಿಲ್ಲ. ನವೆಂಬರಿನಲ್ಲೇ ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಿಂದ ಪೋರ್ಚುಗೀಸರು ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದ್ದರು, ಮೀನುಗಾರರ ದೋಣಿಯ ಮೇಲೆ ಹಾರಿಸಿದ ಗುಂಡಿಗೆ ಮೀನುಗಾರನೊಬ್ಬ ಸತ್ತಿದ್ದ. ಡಿಸೆಂಬರ್ 18ರಂದು ಭಾರತದ ಸೇನೆ ಒಳನುಗ್ಗಿತು. ಆ ದ್ವೀಪಕ್ಕೆ ಇಳಿದ ನಮ್ಮ ನಾವಿಕರಲ್ಲಿ ಏಳು ಮಂದಿ ಮಡಿದರು.

ಗವರ್ನರ್ ಹಿಂದೆ ಸರಿಯುತ್ತಾ ಸೇತುವೆಗಳನ್ನು ಸಿಡಿಸಿದ್ದು ನಿಜ. ಆದರೆ ಊರುಗಳನ್ನು ಸುಟ್ಟು ಬೂದಿ ಮಾಡಲಿಲ್ಲ, ತಮ್ಮ ಹುಡುಗರನ್ನು ಬಲಿ ಕೊಡಲಿಲ್ಲ. ಎಂಟು ದಿನವೆಲ್ಲಿ ಬಂತು, ಎರಡನೆಯ ದಿನದ ರಾತ್ರಿಯೇ ಶರಣಾದರು.

ಅವರನ್ನು ಮಹಾಪುರುಷರೆಂದು ಮೆರೆಸಲು ನನಗೆ ಮನಸ್ಸಿಲ್ಲ. ಗೋವೆಯ ಸ್ವಾತಂತ್ರ್ಯ ಹೋರಾಟಗಾರರು ಅವರ ಆಡಳಿತದಲ್ಲೂ ಆಗ್ವಾದ ಸೆರೆಮನೆಯಲ್ಲಿ ಕೊಳೆಯುತ್ತಿದ್ದರು. ಆದರೂ ಆ ಒಂದು ಆಜ್ಞೆಯನ್ನು ಮೀರಿದ್ದಕ್ಕೆ ಎಷ್ಟೋ ಮನೆಗಳ ದೀಪ ಉಳಿಯಿತು, ಪೋರ್ಚುಗಲ್ಲಿನಲ್ಲಿಯೂ, ಗೋವೆಯಲ್ಲಿಯೂ.

ಸುಮಾರು ಐದು ತಿಂಗಳು ಯುದ್ಧಕೈದಿಯಾಗಿದ್ದು 1962ರಲ್ಲಿ ಸ್ವದೇಶಕ್ಕೆ ಮರಳಿದಾಗ ಸಿಕ್ಕಿದ್ದು ತಿರಸ್ಕಾರ. ಮರುವರ್ಷ ಅವರನ್ನು ಸೇನೆಯಿಂದಲೇ ಹೊರಹಾಕಿದರು. ಹನ್ನೊಂದು ವರ್ಷ ಆ ಕಳಂಕ ಹೊತ್ತರು. 1974ರ ಕ್ರಾಂತಿಯಲ್ಲಿ ಸರ್ವಾಧಿಕಾರ ಉರುಳಿದ ಮೇಲೆಯೇ ಹುದ್ದೆಯ ಗೌರವ ಮರಳಿತು. 1980ರಲ್ಲಿ ಅವರು ಮತ್ತೆ ಗೋವೆಗೆ ಬಂದರು, ಈ ಸಲ ಅತಿಥಿಯಾಗಿ. ಗೋವೆಯ ಜನ ಅವರನ್ನು ಆದರದಿಂದಲೇ ಬರಮಾಡಿಕೊಂಡರು. ಐದು ವರ್ಷಗಳ ನಂತರ ತೀರಿಕೊಂಡರು.

ನಮಸ್ಕಾರ.