ಆಸ್ಪರಾಗಸ್ ಕಟ್ಟು, ಮೇಲೊಂದು ಕೊಸರು

ನಮಸ್ಕಾರ. ಮ್ಯೂಸಿಯಂನಲ್ಲಿ ಪ್ರತಿ ಚಿತ್ರದ ಪಕ್ಕ ಒಂದು ಪುಟ್ಟ ಚೀಟಿ ಇರುತ್ತದೆ, ನೋಡಿದ್ದೀರಲ್ವಾ? ಬರೆದವರ ಹೆಸರು, ವರ್ಷ, ಕೊನೆಗೆ ಸಣ್ಣ ಅಕ್ಷರದಲ್ಲಿ 'ಇಂಥವರ ಕೊಡುಗೆ' ಅಂತ. ಆ ಕೊನೆಯ ಸಾಲನ್ನು ನಾನಂತೂ ಓದುತ್ತಿರಲಿಲ್ಲ. ಇವತ್ತು ಆ ಸಾಲಿನಿಂದಲೇ ಎದ್ದ ಒಂದು ರಂಪದ ಕಥೆ ಹೇಳುತ್ತೇನೆ.

ಚಿತ್ರ ಫ್ರೆಂಚ್ ಚಿತ್ರಕಾರ ಎದುವಾರ್ ಮಾನೆಯದು, 1880ರಲ್ಲಿ ಬರೆದದ್ದು. ಏನಿದೆ ಅದರಲ್ಲಿ? ಹಸಿರು ಎಲೆಗಳ ಮೇಲೆ ಮಲಗಿಸಿದ ಒಂದು ಕಟ್ಟು ಆಸ್ಪರಾಗಸ್. ಬಿಳಿ ದಂಟು, ತುದಿಗೆ ನೇರಳೆ ಬಣ್ಣ. ಅಷ್ಟೇ. ನಮ್ಮಲ್ಲಿ ಹಲವು ಮಕ್ಕಳ ತಾಯಿ ಬೇರು ಅಂತಾರಲ್ಲ, ಆ ಶತಾವರಿಯ ದಾಯಾದಿ ಈ ಗಿಡ. ನಾವು ಬೇರು ಬಳಸುತ್ತೇವೆ, ಅವರು ಎಳೆ ಕುಡಿ ತಿನ್ನುತ್ತಾರೆ.

ಕೊಂಡವನು ಪ್ಯಾರಿಸ್ಸಿನ ಶಾರ್ಲ್ ಎಫ್ರುಸಿ. ಒಡೆಸ್ಸಾದಲ್ಲಿ ಧಾನ್ಯದ ವ್ಯಾಪಾರ ಮಾಡಿ ಬೆಳೆದ ಯಹೂದಿ ಮನೆತನದವನು, ಕಲೆಯ ಹುಚ್ಚು ಜಾಸ್ತಿ. ಮಾನೆ ಕೇಳಿದ್ದು 800 ಫ್ರಾಂಕ್, ಈತ ಕಳಿಸಿದ್ದು 1000. ಮಾನೆ ಸುಮ್ನೆ ಜೇಬಿಗೆ ಹಾಕಿಕೊಳ್ಳಲಿಲ್ಲ. ಇನ್ನೊಂದು ಸಣ್ಣ ಚಿತ್ರ ಬರೆದ, ಅದರಲ್ಲಿ ಮೇಜಿನ ಅಂಚಿಗೆ ಇಟ್ಟ ಒಂದೇ ಒಂದು ದಂಟು. ನಿಮ್ಮ ಕಟ್ಟಿನಲ್ಲಿ ಒಂದು ಕಡಿಮೆ ಇತ್ತು ಅಂತ ಬರೆದು ಕಳಿಸಿಕೊಟ್ಟ. ಸಂತೆಯಲ್ಲಿ ಸೊಪ್ಪಿನವಳು ಕಟ್ಟಿನ ಮೇಲೆ ಕೊಸರು ಹಾಕುವುದಿಲ್ವಾ, ಹಾಗೆ!

ದೊಡ್ಡ ಚಿತ್ರ ವ್ಯಾಪಾರಿಗಳ ಕೈ ದಾಟಿ 1907ರಲ್ಲಿ ಬರ್ಲಿನ್ನಿನ ಚಿತ್ರಕಾರ ಮಾಕ್ಸ್ ಲೀಬರ್‌ಮನ್ ಹತ್ತಿರ ಬಂತು. ಆತನೂ ಯಹೂದಿ. 1933ರಲ್ಲಿ ನಾಜಿಗಳು ಬಂದ ಮೇಲೆ ತಾನು ವರ್ಷಗಟ್ಟಲೆ ನಡೆಸಿದ್ದ ಕಲಾ ಅಕಾಡೆಮಿಯಿಂದ ಹೊರಬಂದ, 1935ರಲ್ಲಿ ತೀರಿಕೊಂಡ. ಮಗಳು 1938ರಲ್ಲಿ ಅಮೆರಿಕಕ್ಕೆ ಹೋಗಿ ಉಳಿದುಕೊಂಡಳು. ಚಿತ್ರವೂ ಜರ್ಮನಿಯ ಹೊರಗೆ ಉಳಿಯಿತು. ಬರ್ಲಿನ್ನಿನಲ್ಲೇ ಇದ್ದ ಹೆಂಡತಿ ಮಾರ್ತಾ, 1943ರಲ್ಲಿ ಪೊಲೀಸರು ಕ್ಯಾಂಪಿಗೆ ಎಳೆದೊಯ್ಯುವ ಮೊದಲೇ ತನ್ನ ಕೈಯಾರೆ ಜೀವ ಬಿಟ್ಟಳು.

1968ರಲ್ಲಿ ಲೀಬರ್‌ಮನ್ನನ ಮೊಮ್ಮಗಳಿಂದ ಚಿತ್ರ ಮತ್ತೆ ಜರ್ಮನಿಗೆ ಬಂತು. ಕಲೋನ್ ನಗರದ ವಾಲ್ರಾಫ್-ರಿಚಾರ್ಟ್ಸ್ ಮ್ಯೂಸಿಯಂಗೆ, 13,60,000 ಮಾರ್ಕಿಗೆ, ಆ ಊರಿನ ಮೇಯರ್ ಆಗಿ ಆಮೇಲೆ ದೇಶದ ಚಾನ್ಸೆಲರ್ ಆದ ಅಡೆನೌರ್ ನೆನಪಿಗೆ. ದುಡ್ಡು ಕೂಡಿಸಲು ಮುಂದೆ ನಿಂತವನು ಡಾಯ್ಚ ಬ್ಯಾಂಕಿನ ಹೆರ್ಮನ್ ಯೋಸೆಫ್ ಆಬ್ಸ್.

1974ಕ್ಕೆ ಮ್ಯೂಸಿಯಂಗೆ 150 ವರ್ಷ ತುಂಬಿತು. ಹಬ್ಬದ ಪ್ರದರ್ಶನಕ್ಕೆ ಹಾನ್ಸ್ ಹಾಕ ಎಂಬ ಕಲಾವಿದನನ್ನೂ ಕರೆದರು. ಆತ ಹೇಳಿದ್ದು ಇಷ್ಟೇ: ಮಾನೆಯ ಚಿತ್ರವನ್ನು ಒಂದು ಈಸಲ್ ಮೇಲೆ ಇಡೋಣ, ಸುತ್ತ ಗೋಡೆಗೆ 10 ಫಲಕ ಹಾಕೋಣ, ಅದು ಯಾರ್‍ಯಾರ ಕೈಲಿತ್ತು, ಅವರು ಯಾರು, ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಅಂತ. ಬೈಗುಳ ಇಲ್ಲ, ಟೀಕೆ ಇಲ್ಲ, ಬರೀ ಮಾಹಿತಿ. ಆಬ್ಸ್‌ನ ಫಲಕದಲ್ಲಿ ಆತ ಕೂತಿದ್ದ ಕುರ್ಚಿಗಳ ಪಟ್ಟಿ. ಲೀಬರ್‌ಮನ್ ಮಗಳು ದೇಶ ಬಿಟ್ಟ ಅದೇ 1938ರಲ್ಲಿ ಆಬ್ಸ್ ಡಾಯ್ಚ ಬ್ಯಾಂಕಿನ ಆಡಳಿತ ಮಂಡಳಿ ಸೇರಿದ್ದ, ನಾಜಿ ಆಳ್ವಿಕೆ ಮುಗಿದ 1945ರವರೆಗೂ ಅಲ್ಲೇ ಇದ್ದ. ಎರಡು ಫಲಕ ಅಕ್ಕಪಕ್ಕ ಓದಿದರೆ ಸಾಕಿತ್ತು.

ಮ್ಯೂಸಿಯಂ ಬೇಡ ಅಂದಿತು. ಹಣದ ಬಲದ ವಿಷಯ ಮ್ಯೂಸಿಯಂಗೆ ಗೊತ್ತಿಲ್ಲ, ಮನಸ್ಸಿನ ಬಲವಷ್ಟೇ ಗೊತ್ತು ಎಂಬ ಅರ್ಥದ ಪತ್ರ ಬಂತು. ಹದಿಮೂರೂವರೆ ಲಕ್ಷಕ್ಕೂ ಜಾಸ್ತಿ ಕೊಟ್ಟು ತಂದ ತರಕಾರಿ ಕಟ್ಟಿನ ಬಗ್ಗೆ ಆಡಿದ ಮಾತು ಇದು!

ಹಾಕ ತನ್ನ ಫಲಕಗಳನ್ನು ಅದೇ ಊರಿನ ಒಂದು ಖಾಸಗಿ ಗ್ಯಾಲರಿಗೆ ಹೊತ್ತೊಯ್ದ. ಅಸಲಿ ಚಿತ್ರ ಸಿಗಲಿಲ್ಲವಲ್ಲ, ಅಷ್ಟೇ ದೊಡ್ಡ ಬಣ್ಣದ ಪ್ರತಿ ಇಟ್ಟರು. ಇತ್ತ ಮ್ಯೂಸಿಯಂ ಒಳಗೆ ದಾನಿಯೆಲ್ ಬ್ಯೂರೆನ್ ಎಂಬ ಫ್ರೆಂಚ್ ಕಲಾವಿದ ತನ್ನ ಪಟ್ಟೆ ಕಾಗದದ ಕೃತಿಯ ಮೇಲೆ ಹಾಕನ ಫಲಕಗಳ ಸಣ್ಣ ನಕಲು ಅಂಟಿಸಿಬಿಟ್ಟ. ಮ್ಯೂಸಿಯಂನವರು ಅದರ ಮೇಲೆ ಬಿಳಿ ಕಾಗದ ಮೆತ್ತಿಸಿದರು.

ಅಂದ ಹಾಗೆ, ಆ ಒಂಟಿ ದಂಟು, ಆ ಕೊಸರು, ಈಗ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. 1959ರಲ್ಲಿ ಸ್ಯಾಮ್ ಸಾಲ್ಜ್ ಎಂಬ ಕಲಾ ವ್ಯಾಪಾರಿ ಕೊಟ್ಟದ್ದು. ಹೋದರೆ ಚೀಟಿಯ ಕೊನೆಯ ಸಾಲಿಗೂ ಒಮ್ಮೆ ಬಗ್ಗಿ ನೋಡಿ. ನಮಸ್ಕಾರ.