ತಿರುವಿನಲ್ಲೇ ಉಳಿದ ನಿಲ್ದಾಣ

ನ್ಯೂಯಾರ್ಕಿನ ಬ್ರೂಕ್ಲಿನ್ ಬ್ರಿಡ್ಜ್ ನಿಲ್ದಾಣದಲ್ಲಿ ಆರನೇ ನಂಬರಿನ ರೈಲು ಬಹುಮಟ್ಟಿಗೆ ಬರಿದಾಯಿತು. ದಕ್ಷಿಣದ ಕಡೆಗೆ ಇದೇ ಕೊನೆಯ ನಿಲುಗಡೆ ಎಂಬ ಪ್ರಕಟಣೆ ಕೇಳಿಸಿದರೂ ನಾನು ಮೇಲೇಳದೆ, ಕ್ಯಾಮೆರಾವನ್ನು ಕಿಟಕಿಗೆ ಆನಿಸಿಕೊಂಡು ಕುಳಿತೆ. ಮತ್ತೆ ಉತ್ತರಕ್ಕೆ ಹೊರಡಬೇಕಾದರೆ ಈ ರೈಲು ನೆಲದಡಿಯಲ್ಲಿ ಒಂದು ಸುತ್ತು ಹಾಕಲೇಬೇಕು. 1945ರ ಡಿಸೆಂಬರ್ 31ರಂದು ಮುಚ್ಚಿದ ಸಿಟಿ ಹಾಲ್ ನಿಲ್ದಾಣ ಇರುವುದು ಆ ಸುತ್ತಿನಲ್ಲೇ.

ನಗರದ ಮೊದಲ ಸುರಂಗ ರೈಲುಮಾರ್ಗ ಆರಂಭವಾಗಿದ್ದು ಇಲ್ಲಿಂದ. 1900ರ ಮಾರ್ಚ್‌ನಲ್ಲಿ ಗುದ್ದಲಿ ಪೂಜೆಯಂಥ ಸಮಾರಂಭ ನಡೆದದ್ದು ಮೇಲಿರುವ ಸಿಟಿ ಹಾಲ್ ಎದುರಿಗೆ. 1904ರ ಅಕ್ಟೋಬರ್ 27ರಂದು ಮೊದಲ ರೈಲು ಹೊರಟದ್ದೂ ಇದೇ ಪ್ಲಾಟ್‌ಫಾರ್ಮಿನಿಂದ. ಅಂದು ಮೇಯರ್ ಜಾರ್ಜ್ ಮೆಕ್‌ಕ್ಲೆಲನ್ ಅವರ ಕೈಗೆ ಬೆಳ್ಳಿಯ ಹಿಡಿಕೆಯೊಂದನ್ನು ಕೊಟ್ಟು, ಶಾಸ್ತ್ರಕ್ಕೆಂದು ರೈಲನ್ನು ಚಾಲೂ ಮಾಡಿಸಲಾಯಿತು. ಅವರೋ, ಹಿಡಿಕೆಯನ್ನು ಚಾಲಕನಿಗೆ ಹಿಂದಿರುಗಿಸುವ ಬದಲು 103ನೇ ಬೀದಿಯವರೆಗೂ ತಾವೇ ಓಡಿಸಿಕೊಂಡು ಹೋದರು. ಜೊತೆಯಲ್ಲಿದ್ದ ಅಧಿಕಾರಿಗಳ ಮುಖ ಹೇಗಿದ್ದಿರಬಹುದೆಂದು ನೆನೆದರೆ ಇವತ್ತಿಗೂ ನಗು ಬರುತ್ತದೆ. ಅಂದು ಸಂಜೆ ಏಳು ಗಂಟೆಗೆ ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ಟಿಕೆಟ್ಟಿನ ಬೆಲೆ 5 ಸೆಂಟ್.

ಇಲ್ಲಿ ಹಳಿಯನ್ನು ಸುತ್ತುಬಳಸಿ ಹಾಕಿದ್ದು ಅಲಂಕಾರಕ್ಕಲ್ಲ. ಕೊನೆಯ ನಿಲ್ದಾಣದಲ್ಲಿ ರೈಲನ್ನು ಹಿಮ್ಮುಖವಾಗಿ ಹೊರಡಿಸಬೇಕೆಂದರೆ ಚಾಲಕ ಈ ತುದಿಯಿಂದ ಆ ತುದಿಗೆ ನಡೆದು ಹೋಗಬೇಕು, ಹಳಿ ಬದಲಿಸಬೇಕು, ಹಿಂದಿನ ರೈಲು ಅಲ್ಲಿಯವರೆಗೆ ಕಾಯಬೇಕು. ಸುತ್ತುಹಳಿಯಿದ್ದರೆ ಇದಾವುದರ ಗೊಡವೆಯಿಲ್ಲ. ಆದರೆ ಆ ಬಿಗಿಯಾದ ತಿರುವಿನ ಮೇಲೆಯೇ ನಿಲ್ದಾಣವನ್ನೂ ಕಟ್ಟಬೇಕಾಗಿ ಬಂದದ್ದರಿಂದ ಪ್ಲಾಟ್‌ಫಾರ್ಮು, ಗೋಡೆ, ಚಾವಣಿ ಎಲ್ಲವೂ ಬಾಗಿಯೇ ಸಾಗಬೇಕಾಯಿತು. ಹೈನ್ಸ್ ಮತ್ತು ಲಾಫಾರ್ಜ್ ಎಂಬ ವಾಸ್ತುಶಿಲ್ಪಿಗಳು ಆ ನಿರ್ಬಂಧವನ್ನೇ ಚೆಲುವಾಗಿಸಿದರು. ಸ್ಪೇನಿನಿಂದ ವಲಸೆ ಬಂದ ರಫಾಯೆಲ್ ಗುವಾಸ್ತವಿನೋ ರೂಢಿಗೆ ತಂದಿದ್ದ ವಿಧಾನದಲ್ಲಿ, ತೆಳುವಾದ ಹೆಂಚುಗಳನ್ನು ಗಾರೆಯಿಂದ ಪದರ ಪದರವಾಗಿ ಕೂಡಿಸಿ, ಉಕ್ಕಿನ ತೊಲೆಗಳ ಹಂಗಿಲ್ಲದ ಕಮಾನುಗಳನ್ನು ಕಟ್ಟಲಾಯಿತು. ಎಲ್ಲಿಸ್ ದ್ವೀಪದಲ್ಲಿ ವಲಸಿಗರ ಹೆಸರು ನೋಂದಾಯಿಸುತ್ತಿದ್ದ ಸಭಾಂಗಣದ ಚಾವಣಿಯೂ ಇದೇ ಕುಟುಂಬದ ಸಂಸ್ಥೆಯ ಕೆಲಸ. ಹಸಿರು ಮತ್ತು ಕೆನೆಬಣ್ಣದ ಹೆಂಚಿನ ಅಂಚುಗಳು, ಹಿತ್ತಾಳೆಯ ತೂಗುದೀಪಗಳು, ಹಗಲಿನ ಬೆಳಕನ್ನು ಕೆಳಗಿಳಿಸುವ ಗಾಜಿನ ಬೆಳಕಿಂಡಿಗಳು ಇವಕ್ಕೆ ಜೊತೆಯಾದವು.

ನಿಲ್ದಾಣವನ್ನು ಮುಚ್ಚಿಸಿದ್ದೂ ಅದೇ ತಿರುವು. ಬಟ್ಟಲಿನ ಒಳಗೋಡೆಗೆ ಒಂದು ಅಡಿಕೋಲನ್ನು ಒತ್ತಿ ಹಿಡಿದರೆ ಅದರ ಎರಡು ತುದಿಗಳು ಗೋಡೆಗೆ ತಾಗುತ್ತವೆ, ನಡುಭಾಗ ಮಾತ್ರ ದೂರ ಉಳಿಯುತ್ತದೆ. ಇಲ್ಲಿ ನಿಂತ ಬೋಗಿಯ ಸ್ಥಿತಿಯೂ ಅಷ್ಟೆ. ಮೊದಲ ಬೋಗಿಗಳಿಗೆ ತುದಿಗಳಲ್ಲಿ ಮಾತ್ರ ಬಾಗಿಲುಗಳಿದ್ದುದರಿಂದ ತೊಂದರೆಯಾಗಲಿಲ್ಲ. ಜನ ಬೇಗ ಹತ್ತಿಳಿಯಲೆಂದು ಬೋಗಿಯ ನಡುವೆಯೂ ಬಾಗಿಲಿಟ್ಟ ಮೇಲೆ, ಆ ಬಾಗಿಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಕಾಲು ಜಾರುವಷ್ಟು ಸಂದು ಬಿತ್ತು. ಇತ್ತ ರೈಲುಗಳೂ ಉದ್ದವಾಗುತ್ತಿದ್ದವು. ಈ ತಿರುವಿನಲ್ಲಿ ಪ್ಲಾಟ್‌ಫಾರ್ಮನ್ನು ಉದ್ದ ಮಾಡುವುದು ಸುಲಭವಿರಲಿಲ್ಲ. ವೇಗದೂತ ರೈಲುಗಳು ನಿಲ್ಲುವ ಬ್ರೂಕ್ಲಿನ್ ಬ್ರಿಡ್ಜ್ ನಿಲ್ದಾಣ ಕೂಗಳತೆಯಲ್ಲಿರುವಾಗ ಇಲ್ಲಿಗೆ ಬರುವವರಾದರೂ ಯಾರು? ಕೊನೆಕೊನೆಗೆ ದಿನಕ್ಕೆ ಸುಮಾರು 600 ಪ್ರಯಾಣಿಕರು ಮಾತ್ರ ಉಳಿದಿದ್ದರು. ಅಷ್ಟು ಹೊತ್ತಿಗೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಳಕು ಹೊರಗೆ ಕಾಣದಿರಲೆಂದು ಬೆಳಕಿಂಡಿಗಳಿಗೂ ಟಾರು ಬಳಿದಾಗಿತ್ತು.

1979ರಲ್ಲಿ ನಗರವು ಇದನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು. ಸಾರಿಗೆ ವಸ್ತುಸಂಗ್ರಹಾಲಯವು ತನ್ನ ಸದಸ್ಯರಿಗೆ ಒಳಗೆ ಓಡಾಡಿ ನೋಡುವ ಅವಕಾಶ ಮಾಡಿಕೊಡುತ್ತದೆ. ಸದಸ್ಯನಲ್ಲದ ನನಗೆ ದಕ್ಕಿದ್ದು ಈ ಕಿಟಕಿಯ ನೋಟವಷ್ಟೇ.

ರೈಲು ಹೊರಟಿತು. ಗಾಲಿಗಳು ಹಳಿಗೆ ಉಜ್ಜುತ್ತಾ ಕೀರಲಾರಂಭಿಸಿದಾಗ ತಿರುವು ಬಂತೆಂದು ತಿಳಿಯಿತು. ಬೋಗಿಯೊಳಗಿನ ಬೆಳಕು ಗಾಜಿನಲ್ಲಿ ಪ್ರತಿಫಲಿಸದಂತೆ ಅಂಗೈಗಳನ್ನು ಕಣ್ಣಿನ ಎರಡೂ ಬದಿಗೆ ಮರೆ ಮಾಡಿಕೊಂಡೆ. ಒಂದು ಕಮಾನು, ಅದರ ಹಿಂದೆ ಇನ್ನೊಂದು, ಮಂಕು ಬೆಳಕಿನಲ್ಲಿ ಮೇಲೇರುವ ಮೆಟ್ಟಿಲುಗಳ ಬಾಯಿ, ಅದರ ಮೇಲೆ ಹೆಂಚಿನಲ್ಲೇ ಬರೆದ ಸಿಟಿ ಹಾಲ್ ಎಂಬ ಹೆಸರು. ಕೆಲವು ಕ್ಷಣಗಳಲ್ಲಿ ಅದೂ ಕತ್ತಲೆಗೆ ಸರಿಯಿತು. ಕ್ಯಾಮೆರಾದಲ್ಲಿ ಸಿಕ್ಕಿದ್ದರ ಅರ್ಧಭಾಗ ನನ್ನದೇ ಮುಖದ ಪ್ರತಿಬಿಂಬ.

ಬ್ರೂಕ್ಲಿನ್ ಬ್ರಿಡ್ಜ್‌ನಲ್ಲಿ, ಈಗ ಉತ್ತರಕ್ಕೆ ಹೋಗುವ ಪ್ಲಾಟ್‌ಫಾರ್ಮಿನ ಪಕ್ಕ, ರೈಲು ನಿಂತಿತು. ನಡುವಿನ ಬಾಗಿಲು ತೆರೆದುಕೊಂಡಿತು. ನಾನು ಅಂಚಿನ ಸಂದನ್ನೊಮ್ಮೆ ನೋಡಿಕೊಂಡು ಇಳಿದೆ.